ಶಾಲೆ ಬಿಡುವವರೆಗೆ ನೀರು ಕುಡಿಯದ ಅಕ್ಕ

ಮಕ್ಕಳೇ, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಾನು ಅರಂತೋಡಿನಲ್ಲಿ ಬಸ್ಸು ಹತ್ತಿದೆ. ನಿಮ್ಮ ಮಾವ ರಸ್ತೆಯವರೆಗೆ ಬೈಕಿನಲ್ಲಿ ಬಿಟ್ಟ. ಬಟ್ಟೆಯ ಚೀಲದಲ್ಲಿ ಎರಡು ಸೀರೆ, ಅಕ್ಕನಿಗೆಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಆಧಾರ್ ಕಾರ್ಡು ಇದ್ದವು. ನೀರು ಇರಲಿಲ್ಲ. ಬಸ್ಸಿನಲ್ಲಿ ಹೋಗುವುದಿದ್ದರೆ ನಾನು ಹಿಂದಿನ ಸಂಜೆಯಿಂದಲೇ ನೀರು ಮುಟ್ಟುವವಳಲ್ಲ. ದಾರಿಯಲ್ಲಿ ಎಲ್ಲಿ ಇಳಿಯುವುದು, ಯಾರ ಹತ್ತಿರ ಕೇಳುವುದು? ಇಂಥದ್ದನ್ನು ನಾನು ಈವರೆಗೆ ಯಾರಿಗೂ ಹೇಳಿದ್ದಿಲ್ಲ. ಕಡಬದಲ್ಲಿ ಏನಾಯಿತು ಎಂದು ನೀವು ಫೋನಿನಲ್ಲಿ ಕೇಳಿದಾಗಲೂ ನಾಚಿಕೆಯಿಂದ ಮಾತು ತಪ್ಪಿಸಿದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈ ಅಭ್ಯಾಸ ಶಾಲೆಯಿಂದ ಬಂದದ್ದು. ನಾನೂ ಪದ್ಮಕ್ಕನೂ ಕಲಿತ ಶಾಲೆಯಲ್ಲಿ ಹುಡುಗಿಯರಿಗೆ ಪಾಯಿಖಾನೆ ಇರಲಿಲ್ಲ. ಹುಡುಗರು ಗುಡ್ಡೆಗೆ ಓಡುತ್ತಿದ್ದರು. ನಾವು ಎಲ್ಲಿಗೆ ಹೋಗುವುದು? ಬೆಳಿಗ್ಗೆ ಗಂಜಿ ಉಂಡು ಹೊರಟರೆ ಸಂಜೆ ನಾಲ್ಕಕ್ಕೆ ಗಂಟೆ ಬಾರಿಸುವವರೆಗೆ ಒಂದು ತೊಟ್ಟು ನೀರು ಇಲ್ಲ. ಗಂಟೆಯಾದ ಮೇಲೆ ಮನೆಗೆ ಓಡಿ, ಬಾವಿಕಟ್ಟೆಯಲ್ಲಿ ಕೊಡಪಾನಕ್ಕೆ ಬಾಯಿ ಹಚ್ಚಿ ಕುಡಿಯುತ್ತಿದ್ದೆವು.

ಬುಧವಾರ ಅಕ್ಕನ ಮಗ ಕಿಟ್ಟ ಫೋನು ಮಾಡಿದ್ದ. ಅವನಿಗೆ ಕಡಬ ಪೇಟೆಯಲ್ಲಿ ಟಯರಿನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. "ಚಿಕ್ಕಮ್ಮ, ಅಮ್ಮನಿಗೆ ಅರಳುಮರಳು ಜೋರಾಗಿದೆ. ಯಾರದ್ದೂ ಗುರುತಿಲ್ಲ. ಮಂಗಳೂರಿನ ಆಚೆ ಒಂದು ಆಶ್ರಮ ಉಂಟಂತೆ, ಇಂಥವರನ್ನು ನೋಡಿಕೊಳ್ತಾರೆ. ಸೋಮವಾರ ಕರ್ಕೊಂಡು ಹೋಗುದು ಅಂತ ಮಾತಾಗಿದೆ. ನೀವೊಮ್ಮೆ ಬಂದು ನೋಡಿ," ಎಂದ. ಕೊನೆಯಲ್ಲಿ ಸ್ವರ ತಗ್ಗಿಸಿ, ಬರುವಾಗ ಪುತ್ತೂರಿನಿಂದ ದೊಡ್ಡವರಿಗೆ ಕಟ್ಟುವ ಡೈಪರ್ ತರಬಹುದೇ ಎಂದು ಕೇಳಿದ. ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು. ಶಿವರಾತ್ರಿಗೆ ಮೊದಲು ಅರ್ಧ ಗಂಟೆ ಫೋನಿನಲ್ಲಿ ನಕ್ಕು ಮಾತಾಡಿದವಳು. ಒಂದು ತಿಂಗಳೂ ಆಗಿರಲಿಲ್ಲ.

ಅರಂತೋಡಿನಿಂದ ಸುಳ್ಯಕ್ಕೆ ಹತ್ತು ಹನ್ನೆರಡು ಕಿಲೋಮೀಟರು, ಅಲ್ಲಿಂದ ಪುತ್ತೂರಿಗೆ ಮತ್ತೆ ಒಂದು ಗಂಟೆಯ ದಾರಿ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಪುತ್ತೂರಿನಲ್ಲಿ ಇಳಿದಾಗ ಹತ್ತು ಗಂಟೆಯ ಬಿಸಿಲೇ ನೆತ್ತಿ ಸುಡುತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಎರಡು ಬನ್ಸ್ ತಿಂದೆ. ಚಹಾ ಬೇಡ ಎಂದೆ. ಲೋಟದ ನೀರನ್ನು ಕೈ ತೊಳೆಯಲಿಕ್ಕೆ ಮಾತ್ರ ಬಳಸಿದೆ.

ಔಷಧದ ಅಂಗಡಿಯ ಮುಂದೆ ಕಾಲು ಗಂಟೆ ನಿಂತಿದ್ದೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು. ಕೊನೆಗೆ ಅಂಗಡಿಯವರೇ ಕರೆದರು.

"ಎಂತ ಬೇಕಮ್ಮ? ಆಗದಿಂದ ನಿಂತಿದ್ದೀರಲ್ಲ?"

ಕಿಟ್ಟನ ಹೆಂಡತಿ ಸುಮತಿ ಕಳಿಸಿದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ.

"ಓ, ಇದಾ! ಇದಕ್ಕೆ ಎಂತ ನಾಚಿಕೆ? ಅಜ್ಜನಿಗಾ ಅಜ್ಜಿಗಾ? ದಪ್ಪವಾ ಸಪೂರವಾ?"

ಸಪೂರ ಎಂದೆ. ಅವರು ತಿರುಗಿದ ಕಡೆ ನೋಡಿದೆ. ಒಂದು ಗೋಡೆಯಲ್ಲಿ ನಗುವ ಶಿಶುಗಳ ಚಿತ್ರದ ಪ್ಯಾಕೆಟ್ಟುಗಳು. ಎದುರಿನ ಗೋಡೆಯಲ್ಲಿ ನೆಲದಿಂದ ಮಾಡಿನವರೆಗೆ ನರೆಗೂದಲಿನವರ ಚಿತ್ರದ ಪ್ಯಾಕೆಟ್ಟುಗಳು. "ಮೊದಲು ಇದಕ್ಕೆ ಒಂದೇ ಹಲಗೆ ಇತ್ತಮ್ಮ. ಈಗ ಗೋಡೆ ಸಾಕಾಗುದಿಲ್ಲ. ಮಕ್ಕಳದ್ದಕ್ಕಿಂತ ಇದೇ ಹೆಚ್ಚು ಹೋಗುದು," ಎಂದರು ಅವರು ತೆಂಗಿನಕಾಯಿಯ ವ್ಯಾಪಾರ ಹೇಳಿದ ಹಾಗೆ. ಇಷ್ಟು ಮನೆಗಳಲ್ಲಿ ಇಷ್ಟು ಜನ ಮಲಗಿದಲ್ಲೇ ಇದ್ದಾರೆಯೇ? ನಮ್ಮ ಊರಿನಲ್ಲಿ ಇದ್ದರೂ ನನಗೆ ಗೊತ್ತಿರಲಿಲ್ಲ. ಪ್ಯಾಕೆಟ್ಟನ್ನು ನನ್ನ ಒಂದು ಸೀರೆಯಲ್ಲಿ ಸುತ್ತಿ ಚೀಲದೊಳಗೆ ತುರುಕಿದೆ.

ಕಡಬದ ಬಸ್ಸು ಹನ್ನೊಂದೂವರೆಗೆ ಹೊರಟಿತು. ಸವಣೂರಿನಲ್ಲಿ ನಿಂತಾಗ ಕಿಟಕಿಯ ಕೆಳಗೇ ಎಳನೀರಿನ ಬೊಂಡದ ರಾಶಿ ಇತ್ತು. ಮಾರುವವಳು ಒಂದನ್ನು ಕೆತ್ತಿ ಮೇಲಕ್ಕೆತ್ತಿ, "ತಂಪು ಉಂಟು, ತಕ್ಕೊಳ್ಳಿ," ಎಂದಳು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬೇಡ ಎಂದು ತಲೆಯಾಡಿಸಿದೆ. ಕಡಬದಲ್ಲಿ ಇಳಿದಾಗ ಒಂದೂವರೆ ದಾಟಿತ್ತು. ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬಂತು. ಕಂಬ ಹಿಡಿದು ಸ್ವಲ್ಪ ನಿಂತೆ. ವಯಸ್ಸು ಎಂದುಕೊಂಡೆ.

ಅಕ್ಕ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೂದಲು ಬಿಚ್ಚಿತ್ತು. ಮೂರು ತಿಂಗಳ ಹಿಂದೆ ಬಚ್ಚಲಿನಲ್ಲಿ ಬಿದ್ದು ಮುರಿದ ಬಲಗೈ ಸರಿಯಾಗಿ ಕೂಡಿರಲಿಲ್ಲ, ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಹತ್ತಿರ ಹೋಗಿ "ಅಕ್ಕಾ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ನೀವು? ಹೆಡ್ ಮಾಸ್ಟ್ರ ಹೆಂಡತಿಯಾ?"

"ನಾನು ದೇವಕಿ ಅಕ್ಕ."

"ಸುಳ್ಳು! ದೇವಕಿ ಹಿಂದಿನ ಬೆಂಚಲ್ಲಿ ಕೂತಿದ್ದಾಳೆ. ನೀವು ಮುದುಕಿ."

ಸುಮತಿ ನಗಲು ಹೋಗಿ ಅತ್ತಳು. ಅವಳು ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ನಾಲ್ಕು ದಿನದಿಂದ ರಜೆ ಹಾಕಿ ಅತ್ತೆಯನ್ನು ಕಾಯುತ್ತಿದ್ದಳು. "ನನ್ನನ್ನು ಕಳ್ಳಿ ಅಂತಾರೆ ಚಿಕ್ಕಮ್ಮ. ಬೆಲ್ ಆಯ್ತಾ, ಬೆಲ್ ಆಯ್ತಾ ಅಂತ ಇಡೀ ದಿನ ಕೇಳುದು. ಮೊನ್ನೆ ಮಧ್ಯಾಹ್ನ ಗೇಟು ದಾಟಿ ರಸ್ತೆಗೆ ಹೋಗಿದ್ರು. ಲಾರಿಯವ ಬ್ರೇಕ್ ಹಾಕಿದ್ದಕ್ಕೆ ಉಳಿದ್ರು." ತಲೆಗೆ ಒಳ್ಳೆಯದೆಂದು ದಿನವೂ ಒಂದೆಲಗದ ತಂಬುಳಿ ಮಾಡಿ ಕೊಡುತ್ತಿದ್ದಳಂತೆ. "ಅತ್ತೆಯ ಕಿಟಕಿಯ ಹೊರಗೇ ಬೇಕಾದಷ್ಟು ಉಂಟು. ಈ ಬಿಸಿಲಿಗೂ ಒಣಗಲಿಲ್ಲ ನೋಡಿ," ಎಂದಳು.

ಸತ್ತವರನ್ನು ನೋಡಿದ್ದೇನೆ. ನಿಮ್ಮ ಅಜ್ಜನ ತಲೆಯನ್ನು ಈ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಆದರೆ ಬದುಕಿರುವ ಅಕ್ಕ ನನ್ನನ್ನೇ ನೋಡುತ್ತಾ ನನ್ನನ್ನು ಹುಡುಕುವುದನ್ನು ತಡೆದುಕೊಳ್ಳಲು ಆಗಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಜಿನ್ಸಿ ಬಂದಳು. ಅವಳ ಅಜ್ಜ ಕೇರಳದಿಂದ ಬಂದು ಇಲ್ಲಿ ರಬ್ಬರು ಹಾಕಿದವರು. ಜಿನ್ಸಿ ನರ್ಸಿಂಗ್ ಕಲಿತು ಜರ್ಮನಿಗೆ ಹೋಗಿದ್ದಾಳೆ, ಅಲ್ಲಿ ಮುದುಕರೇ ಇರುವ ಒಂದು ದೊಡ್ಡ ಮನೆಯಲ್ಲಿ ಅವಳಿಗೆ ಕೆಲಸ. ರಜೆಯಲ್ಲಿ ಬಂದವಳು ಎಲ್ಲ ಮನೆಗೂ ಚಾಕಲೇಟು ಹಂಚುತ್ತಿದ್ದಳು. ಅಕ್ಕನನ್ನು ಕಂಡವಳೇ ಪೊಟ್ಟಣವನ್ನು ಕೆಳಗಿಟ್ಟಳು.

"ಇದು ಎಷ್ಟು ದಿನದಿಂದ ಸುಮತಿಯಕ್ಕ?"

"ಹತ್ತು ಹನ್ನೆರಡು ದಿನ."

"ಅದಕ್ಕೆ ಮೊದಲು?"

"ಮೊದಲು ಸರಿ ಇದ್ರು. ಸೀರಿಯಲ್ ನೋಡಿ ಕತೆ ನನಗೇ ಹೇಳ್ತಿದ್ರು."

"ಮರೆವಿನ ಕಾಯಿಲೆ ಹೀಗೆ ಬಸ್ಸಲ್ಲಿ ಬಂದು ಇಳಿಯುದಿಲ್ಲ. ಅದು ನಡ್ಕೊಂಡು ಬರುದು, ವರ್ಷಗಟ್ಟಲೆ." ಜಿನ್ಸಿ ಅಕ್ಕನ ನಾಲಿಗೆ ನೋಡಿದಳು. ಹಣೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಅದು ಹಾಗೆಯೇ ಮಡಿಕೆಯಾಗಿ ನಿಂತಿತು. "ನೀರು ಎಷ್ಟು ಕುಡೀತಾರೆ?"

"ಬೇಕಾದಷ್ಟು! ನಾನು ಶಾಲೆಗೆ ಹೋಗುವಾಗ ಚೆಂಬು ತುಂಬಿಸಿ ಇಟ್ಟು ಹೋಗುದು. ಬರುವಾಗ ಖಾಲಿ ಇರ್ತದೆ. ಈ ರಜೆಯಲ್ಲೂ ಹಾಗೇ," ಎಂದಳು ಸುಮತಿ.

ಜಿನ್ಸಿ ಎದ್ದು ಕಿಟಕಿಗೆ ಹೋಗಿ ಹೊರಗೆ ಬಗ್ಗಿ ನೋಡಿದಳು. ಯಾಕೆ ಎಂದು ನಮಗೆ ತಿಳಿಯಲಿಲ್ಲ. ನಾನೂ ಹೋಗಿ ನೋಡಿದೆ. ಅಂಗಳ ಇಡೀ ಒಣಗಿ ಬಿರಿದಿತ್ತು. ಆ ಕಿಟಕಿಯ ಕೆಳಗೆ ಮಾತ್ರ ಒಂದು ಚಾಪೆಯಷ್ಟು ಜಾಗದಲ್ಲಿ ಒಂದೆಲಗ ಹಸಿರಾಗಿ ಹಬ್ಬಿತ್ತು.

"ಜರ್ಮನಿಯಲ್ಲಿಯೂ ಹೀಗೇ. ಕುಡಿಯದೆ ಹೂವಿನ ಕುಂಡಕ್ಕೆ ಹೊಯ್ತಾರೆ. ಲೋಟ ಖಾಲಿ ಆದ್ರೆ ನಾವು ಮೊದಲು ಕುಂಡದ ಮಣ್ಣು ಮುಟ್ಟಿ ನೋಡುದು. ನಮಗೆ ಅದನ್ನೇ ಮೊದಲ ವಾರ ಕಲಿಸಿದ್ದು," ಎಂದಳು ಜಿನ್ಸಿ.

ಸುಮತಿ ಕಿಟಕಿಗೆ ಓಡಿದಳು. "ಆ ಸೊಪ್ಪಿನದ್ದೇ ತಂಬುಳಿ ಮಾಡಿ ಇವರಿಗೆ ಕೊಟ್ಟದ್ದಲ್ವಾ ನಾನು!"

ಜಿನ್ಸಿ ಒಂದು ಲೋಟ ನೀರು ತಂದು ಅಕ್ಕನ ಬಾಯಿಯ ಹತ್ತಿರ ಹಿಡಿದಳು. ಅಕ್ಕ ಎಡಗೈಯಿಂದ ಅದನ್ನು ದೂಡಿದಳು. ನೀರು ನನ್ನ ಸೀರೆಯ ಮೇಲೆ ಚೆಲ್ಲಿತು.

"ಬೇಡ. ಗಂಟೆ ಆಗ್ಲಿಲ್ಲ. ದೇವಕಿ ಹೇಳಿದ್ದಾಳೆ, ಗಂಟೆ ಆಗುವವರೆಗೆ ಕುಡಿಯಬಾರದು ಅಂತ."

ಮಕ್ಕಳೇ, ಆ ಕ್ಷಣವನ್ನು ಹೇಗೆ ಬರೆಯಲಿ? ಶಿವರಾತ್ರಿಗೆ ಮೊದಲಿನ ಆ ಫೋನು ನೆನಪಾಯಿತು. ಅಕ್ಕ ಹೇಳಿದ್ದಳು: "ಕೈ ಹೀಗಾದ ಮೇಲೆ ಬಚ್ಚಲಿಗೆ ಹೋಗಲಿಕ್ಕೂ ಒಬ್ಬರು ಬೇಕು ದೇವಕಿ. ಸುಮತಿ ಶಾಲೆಗೆ ಹೋದ್ರೆ ಇರುದು ಕಿಟ್ಟ ಒಬ್ಬನೇ. ಮಗನನ್ನು ಕರೆದು ಸೀರೆ ಹಿಡಿ ಅಂತ ಹೇಳುದು ಹೇಗೆ?" ನಾನು ಏನು ಹೇಳಿದೆ ಗೊತ್ತೇ? "ನಾವು ಶಾಲೆಗೆ ಹೋಗುವಾಗ ಮಾಡಿದ ಹಾಗೆ ಮಾಡು ಅಕ್ಕ. ಸುಮತಿ ಬರುದೂ ನಾಲ್ಕಕ್ಕೇ ಅಲ್ವಾ? ಗಂಟೆ ಆಗುವವರೆಗೆ ಕುಡಿಯಬೇಡ." ಇಬ್ಬರೂ ನಕ್ಕಿದ್ದೆವು. ದೊಡ್ಡ ಉಪಾಯ ಹೇಳಿಕೊಟ್ಟೆನೆಂದು ನನಗೆ ಹೆಮ್ಮೆಯೂ ಆಗಿತ್ತು.

ಎಲ್ಲರೂ ಅರಳುಮರಳು ಎಂದುಕೊಂಡ ಮಾತು ನನ್ನದೇ ಮಾತಾಗಿತ್ತು. ಅದನ್ನು ಬಿಡಿಸಿ ಹೇಳಬಲ್ಲವಳು ನಾನೊಬ್ಬಳೇ. ಜಿನ್ಸಿ ಮತ್ತೆ ಲೋಟ ಹಿಡಿದಳು, ಅಕ್ಕ ಹಲ್ಲು ಕಚ್ಚಿದಳು. ನಾನು ದೇವರ ಕೋಣೆಗೆ ಹೋಗಿ ಪೂಜೆಯ ಗಂಟೆಯನ್ನು ಎತ್ತಿಕೊಂಡು ಬಂದೆ. ನಾಲ್ಕು ಜನರಿದ್ದರೆ ಗಟ್ಟಿಯಾಗಿ ಹಾಡು ಹೇಳದ ನಾನು ಆ ಕೋಣೆಯ ನಡುವೆ ನಿಂತು ಬಾರಿಸಿದೆ. ಪೂಜೆಗೆ ಬಾರಿಸಿದ ಹಾಗಲ್ಲ. ಶಾಲೆ ಬಿಡುವಾಗ ಬಾರಿಸುತ್ತಿದ್ದರಲ್ಲ, ನಿಲ್ಲಿಸದೆ ಒಂದೇ ಸಮ, ಹಾಗೆ.

"ಗಂಟೆ ಆಯ್ತು ಅಕ್ಕ. ಶಾಲೆ ಬಿಟ್ಟಿತು. ಬಾ, ಕುಡಿಯುವ."

ಅಕ್ಕ ತಲೆಯೆತ್ತಿದಳು. ನನ್ನ ಗುರುತು ಹತ್ತಿತೆಂದು ಹೇಳಲಾರೆ. ಲೋಟಕ್ಕೆ ಕೈ ಚಾಚಿದಳು. ಕುಡಿದಳು. ಕೊಡಪಾನಕ್ಕೆ ಬಾಯಿ ಹಚ್ಚಿದ ಹಾಗೆ ಗಟಗಟನೆ ಹೊರಟವಳನ್ನು ಜಿನ್ಸಿ, "ಮೆಲ್ಲ, ಮೆಲ್ಲ ಅಮ್ಮಚ್ಚಿ, ನೆತ್ತಿಗೆ ಹತ್ತೀತು," ಎಂದು ತಡೆದಳು. ಗಂಟೆಯ ಸದ್ದಿಗೆ ಕಿಟ್ಟ ಅಂಗಡಿಯಿಂದ ಟಯರಿನ ಮಸಿ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿದರೆ ತಾಯಿ ಹೋದಳೆಂದೇ ತಿಳಿದ ಹಾಗಿತ್ತು.

ಜಿನ್ಸಿ ಅವನಿಗೆ ಹೇಳಿದಳು: "ಕಿಟ್ಟಣ್ಣ, ಆಶ್ರಮ ಆಮೇಲೆ. ಈಗಲೇ ಡಾಕ್ಟ್ರ ಹತ್ರ ಹೋಗುವ. ಮೂತ್ರದಲ್ಲಿ ಸೋಂಕು ಇರಬಹುದು."

ಸಂಜೆಯೊಳಗೆ ಅಕ್ಕನನ್ನು ಆಸ್ಪತ್ರೆಯಲ್ಲಿ ಮಲಗಿಸಿ ಗ್ಲೂಕೋಸು ಏರಿಸಿದರು. ಜಿನ್ಸಿ ಹೇಳಿದ್ದು ಸರಿಯಾಗಿತ್ತು. "ಮೈಯಲ್ಲಿ ನೀರೇ ಇಲ್ಲ, ಸೋಂಕೂ ಏರಿದೆ. ಈ ವಯಸ್ಸಿನಲ್ಲಿ ತಲೆ ತಪ್ಪಲಿಕ್ಕೆ ಅಷ್ಟು ಸಾಕು. ನೀವು ಇವರನ್ನು ಹೀಗೆಯೇ ಎಲ್ಲಿಗೋ ಕಳಿಸಿದ್ದರೆ ಕಿಡ್ನಿ ಹೋಗ್ತಿತ್ತು," ಎಂದರು ಡಾಕ್ಟರಮ್ಮ. ಬುದ್ಧಿ ಪೂರ್ತಿ ಮರಳುತ್ತದೆಯೇ ಎಂದು ಕಿಟ್ಟ ಕೇಳಿದ್ದಕ್ಕೆ, ಎರಡು ಮೂರು ದಿನ ಕಾಯಬೇಕು, ಮಾತು ಕೊಡುವುದಿಲ್ಲ ಎಂದರು.

ಶನಿವಾರ ಅಕ್ಕನಿಗೆ ಬರೀ ನಿದ್ದೆ. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕಿಟ್ಟನ ಪಕ್ಕ ಕೂತು, ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಹೇಳಿದೆ.

"ನೀವು ಅಕ್ಕ ತಂಗಿ ಸೇರಿ ನನ್ನ ಅಮ್ಮನನ್ನು ಕೊಲ್ತಿದ್ರಿ ಚಿಕ್ಕಮ್ಮ," ಎಂದ. ಅವನು ಎದ್ದು ಹೋದ. ಇನ್ನು ನನ್ನ ಮುಖ ನೋಡುವುದಿಲ್ಲವೇನೋ ಎಂದುಕೊಂಡೆ. ಹತ್ತು ನಿಮಿಷ ಬಿಟ್ಟು ಒಂದು ಬೊಂಡ ಕೆತ್ತಿಸಿ ತಂದು ನನ್ನ ಕೈಗಿಟ್ಟ. "ಕುಡೀರಿ. ನಿನ್ನೆ ಬಂದಾಗಿನಿಂದ ನೀವೂ ಕುಡಿದದ್ದು ನಾನು ನೋಡ್ಲಿಲ್ಲ. ಆಸ್ಪತ್ರೆಯಲ್ಲಿ ಕಕ್ಕಸು ಬಲಗಡೆ ಉಂಟು. ಯಾರನ್ನೂ ಕೇಳುದು ಬೇಡ." ಕುಡಿಯುತ್ತಾ ಅತ್ತೆ. ಅವನೂ ಕಣ್ಣೊರೆಸಿಕೊಂಡ. ಮಗ ತಾಯಿಗೆ, ತಾಯಿ ಮಗನಿಗೆ ಹೇಳಲಾರದೆ ಹೋದದ್ದು ಈ ಕಕ್ಕಸಿನ ಮಾತೊಂದನ್ನೇ.

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರ ಆಸ್ಪತ್ರೆಗೆ ಬಂದ ಜಿನ್ಸಿ ನನ್ನ ಜೊತೆ ಕೂತಳು. ಅವಳು ನೋಡುವ ಜರ್ಮನಿಯ ಅಜ್ಜ ಅಜ್ಜಿಯಂದಿರ ಬಗ್ಗೆ ಕೇಳಿದೆ. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಹಾಳೆ ಇರುತ್ತದಂತೆ, ಕುಡಿದ ಪ್ರತಿ ಲೋಟವನ್ನೂ ಅದರಲ್ಲಿ ಬರೆಯಬೇಕು. ಹಾಸಿಗೆಯಿಂದ ಎತ್ತಿ ಕೂರಿಸಲು ಯಂತ್ರ ಉಂಟಂತೆ. ಅವಳ ಅಕ್ಕ ಇಟಲಿಯಲ್ಲಿ ಒಬ್ಬ ಅಜ್ಜನ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತಾಳೆ. ಜೊತೆಗೆ ಕಲಿತ ಒಬ್ಬಳು ಜಪಾನಿನಲ್ಲಿದ್ದಾಳೆ. ಅಲ್ಲಿ ಮಂಚದ ಪಕ್ಕದ ಚಾಪೆಗೆ ಅಜ್ಜಿಯ ಕಾಲು ತಾಗಿದರೆ ಇವಳ ಕೋಣೆಯಲ್ಲಿ ಸದ್ದಾಗುತ್ತದಂತೆ.

"ಅವರಿಗೆ ಅವರ ಊರಿನ ಹುಡುಗಿಯರು ಸಿಗುದಿಲ್ವಾ?" ಎಂದು ಕೇಳಿದೆ.

"ಸಾಕಾಗುದಿಲ್ಲ ಅಜ್ಜಿ. ಮುದುಕರು ಹೆಚ್ಚು, ಹುಡುಗಿಯರು ಕಮ್ಮಿ. ಅದಕ್ಕೇ ನಮ್ಮನ್ನು ಕರೆಯುದು."

"ನಿನ್ನ ಮನೆಯಲ್ಲೂ ಅಜ್ಜಿ ಇದ್ದಾರಲ್ಲ, ಆ ಅಮ್ಮಚ್ಚಿಯನ್ನು ಯಾರು ನೋಡಿಕೊಳ್ಳುದು?"

"ಅಮ್ಮ ರಬ್ಬರಿನ ಕೆಲಸ ನೋಡ್ಬೇಕಲ್ಲ. ಬಾಗಲಕೋಟೆ ಕಡೆಯಿಂದ ಒಬ್ಬಳನ್ನು ಇಟ್ಟಿದ್ದೇವೆ. ಒಳ್ಳೆ ಹುಡುಗಿ."

"ಆ ಹುಡುಗಿಯ ಅಜ್ಜಿಯನ್ನು?"

"ನಾನು ಕೇಳ್ಲೇ ಇಲ್ಲ ಅಜ್ಜಿ," ಎಂದಳು ಜಿನ್ಸಿ. ಮನೆಗೆ ಹೋದ ಮೇಲೆ ಕೇಳಿದಳಂತೆ. ಆ ಅಜ್ಜಿಯನ್ನು ನೋಡಿಕೊಳ್ಳುವುದು ಹನ್ನೊಂದು ವರ್ಷದ ಮೊಮ್ಮಗಳು. ಅದಕ್ಕಾಗಿ ಶಾಲೆ ಬಿಟ್ಟಿದ್ದಾಳೆ. ಇದನ್ನು ಹೇಳಲೆಂದೇ ಜಿನ್ಸಿ ಆಸ್ಪತ್ರೆಗೆ ಮತ್ತೆ ಬಂದಳು. ಜರ್ಮನಿಯ ಅಜ್ಜಿಯ ಒಂದು ಲೋಟ ನೀರಿಗೂ ಬಾಗಲಕೋಟೆಯ ಆ ಮಗುವಿನ ಶಾಲೆಯ ಚೀಲಕ್ಕೂ ಇಂಥ ನಂಟು ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಜಿನ್ಸಿಯ ಅಮ್ಮ ಆ ಹುಡುಗಿಯ ಮನೆಯವರ ಜೊತೆ ಮಾತಾಡುತ್ತೇನೆ ಎಂದಿದ್ದಾರೆ. ಏನಾಯಿತೋ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಅಕ್ಕನ ಕೂದಲು ಬಾಚುತ್ತಿದ್ದೆ. ಅವಳು ತಿರುಗದೆಯೇ, "ಎಣ್ಣೆ ಹಾಕದೆ ಎಳೆಯಬೇಡ ಮಾರಾಯ್ತಿ, ನೋವಾಗ್ತದೆ. ನೀನು ಯಾವಾಗ ಬಂದದ್ದು ದೇವಕಿ?" ಎಂದಳು.

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಕಿಟ್ಟ ಹೊರಗೆ ಹೋಗಿ ಆಶ್ರಮದವರಿಗೆ ಬರುವುದಿಲ್ಲವೆಂದು ಫೋನು ಮಾಡಿದ. ಮಾತಿನ ನಡುವೆಯೇ ಫೋನನ್ನು ಸುಮತಿಗೆ ಕೊಟ್ಟು ಅಮ್ಮನ ಹತ್ತಿರ ಬಂದ.

ಅಕ್ಕನಿಗೆ ಆ ಹನ್ನೆರಡು ದಿನದ ಯಾವ ನೆನಪೂ ಇಲ್ಲ. ನನ್ನ ಉಪಾಯವನ್ನು ಮಾತ್ರ ಮರೆತಿಲ್ಲ. "ನಿನ್ನದೇನು ತಪ್ಪು? ನೀನು ಹೇಳದಿದ್ದರೂ ನಾನು ಹಾಗೆಯೇ ಮಾಡ್ತಿದ್ದೆ," ಎಂದಳು. ಇರಬಹುದು. ಆದರೆ ನಾನು ಹೇಳಿದ್ದೂ ನಿಜವಲ್ಲವೇ? ಆ ಸಂಜೆ ಮನೆಗೆ ಬಂದ ಮೇಲೆ ಜಿನ್ಸಿ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದಳು. ಲೋಟಕ್ಕೊಂದು ಗೀಟು. ಸುಮತಿ ಶಾಲೆಯಲ್ಲಿರುವಾಗ ಹನ್ನೊಂದಕ್ಕೆ, ಎರಡಕ್ಕೆ ಜಿನ್ಸಿಯ ಅಮ್ಮ ಬಂದು ಅಕ್ಕನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. "ಹೆಡ್ ಮಾಸ್ಟ್ರಿಗಿಂತ ಜೋರು ಈ ಹುಡುಗಿ," ಎಂದು ಅಕ್ಕ ಗೊಣಗಿ, ಮುಖ ಹಿಂಡಿಕೊಂಡು ಕುಡಿದಳು. ನಾನು ಪುತ್ತೂರಿನಿಂದ ತಂದ ಪ್ಯಾಕೆಟ್ಟನ್ನು ಬೇಡವೆನ್ನಲಿಲ್ಲ. "ಇರ್ಲಿ ಒಂದು, ನೆಂಟರು ಬಂದರೆ," ಎಂದು ನಕ್ಕಳು.

ಮಂಗಳವಾರ ಹತ್ತು ಗಂಟೆಯ ಬಸ್ಸಿಗೆ ಕಡಬದಿಂದ ಹೊರಟೆ, ಈ ಸಲ ಪಂಜ, ಬೆಳ್ಳಾರೆಯ ಮಾರ್ಗವಾಗಿ ಸುಳ್ಯಕ್ಕೆ. ಸುಮತಿ ಒಂದು ಬಾಟಲಿ ಪುನರ್ಪುಳಿ ಶರಬತ್ತು, ಒಂದು ಬಾಟಲಿ ನೀರು ಕೊಟ್ಟಿದ್ದಳು. ಗೇಟಿನ ಹತ್ತಿರ ನಿಂತ ಅಕ್ಕ, "ನೀನೂ ಕುಡಿ. ನಿನ್ನ ಕಿಟಕಿಯ ಕೆಳಗೆ ನಾನು ಬಂದು ನೋಡ್ಲಿಕ್ಕುಂಟು," ಎಂದು ಎಡಗೈ ಬೀಸಿದಳು. ಬಸ್ಸು ಹೊರಡುತ್ತಲೇ ಶರಬತ್ತು ಮುಗಿಸಿದೆ. ಪಂಜ ಬರುವಾಗ ನೀರೂ ಅರ್ಧವಾಗಿತ್ತು.

ಅಲ್ಲಿಂದ ಮುಂದೆ ಆಗಬೇಕಾದದ್ದು ಆಯಿತು. ಮೊದಲು ಸಹಿಸಿಕೊಂಡೆ. ತಿರುವುಗಳು ಹೆಚ್ಚಾದ ಹಾಗೆ ಬೆವರಿದೆ. ಸುಳ್ಯಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ರಸ್ತೆ ಬದಿಯಲ್ಲಿ ಒಂದು ಹೋಟೆಲು, ಅದರ ಪಕ್ಕದಲ್ಲಿ ಶೌಚಾಲಯದ ಬೋರ್ಡು ಕಂಡಿತು. ಎದ್ದು ನಿಂತೆ. ಬಸ್ಸಿನಲ್ಲಿ ಎದ್ದು ನಿಂತು ಮಾತಾಡಿದ್ದು ಬದುಕಿನಲ್ಲಿ ಅದೇ ಮೊದಲು.

"ಕಂಡಕ್ಟರೇ, ಐದು ನಿಮಿಷ ನಿಲ್ಲಿಸ್ಬೇಕು. ನನಗೆ ಬಚ್ಚಲಿಗೆ ಹೋಗ್ಲಿಕ್ಕುಂಟು."

ಸ್ವರ ಅಷ್ಟು ಗಟ್ಟಿಯಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಇಡೀ ಬಸ್ಸು ತಿರುಗಿ ನೋಡಿತು.

"ಎಂತ ಅಜ್ಜಿ, ಇದು ನಿಮ್ಮ ಕಾರಾ? ಸುಳ್ಯದವರೆಗೆ ತಡ್ಕೊಳ್ಳಿ," ಎಂದ ಕಂಡಕ್ಟರು.

"ಅರುವತ್ತು ವರ್ಷ ತಡ್ಕೊಂಡಿದ್ದೇನೆ. ಇನ್ನು ಆಗುದಿಲ್ಲ," ಎಂದೆ.

ಯಾರೋ ನಕ್ಕರು. ಕಂಡಕ್ಟರು ಸೀಟಿ ಊದಿದ. ನಾನು ಇಳಿಯುವಾಗ ಹಿಂದಿನಿಂದ ಒಂದು ಸ್ವರ ಬಂತು, "ನಿಲ್ಲಿ ಮಾರಾಯ್ರೆ, ನಾನೂ ಬರ್ತೇನೆ." ತಿರುಗಿದರೆ ನನ್ನಷ್ಟೇ ವಯಸ್ಸಿನ ಒಬ್ಬರು ಸೆರಗು ಬಿಗಿದುಕೊಂಡು ಇಳಿಯುತ್ತಿದ್ದರು. ಅವರ ಹಿಂದೆ ಬುರ್ಖಾ ಹಾಕಿದ ಒಬ್ಬರು. ಅವರ ಹಿಂದೆ ಮಗುವನ್ನು ಎತ್ತಿಕೊಂಡ ಒಬ್ಬಳು. ಒಟ್ಟು ನಾಲ್ಕು ಜನ ಹೆಂಗಸರು ಸಾಲಾಗಿ ಇಳಿದೆವು. "ಇದೆಂತ ಜಾತ್ರೆಯಾ!" ಎಂದು ಡ್ರೈವರು ತಲೆ ಚಚ್ಚಿಕೊಂಡ. ಆದರೆ ಇಂಜಿನು ಬಂದ್ ಮಾಡಿ ಕಾದ.

ಮರಳಿ ಹತ್ತಿದ ಮೇಲೆ ಆ ಮೊದಲನೆಯವರು ನನ್ನ ಪಕ್ಕವೇ ಬಂದು ಕೂತರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನನ್ನ ಮಡಿಲಿನ ಬಾಟಲಿಯನ್ನೇ ನೋಡಿದರು.

"ಬೆಳಿಗ್ಗೆಯಿಂದ ಒಂದು ತೊಟ್ಟು ಕುಡೀಲಿಲ್ಲ ನಾನು. ಕೊಡಿ ಇತ್ತ," ಎಂದರು.

ಕೊಟ್ಟೆ. ಅವರು ಕುಡಿದು ಹಿಂದಿನ ಸೀಟಿಗೆ ದಾಟಿಸಿದರು. ಸುಳ್ಯದಲ್ಲಿ ಇಳಿಯುವಾಗ ಬಾಟಲಿ ನನ್ನ ಕೈಗೆ ಖಾಲಿಯಾಗಿ ಬಂತು. ನಿಲ್ದಾಣದ ನಳ್ಳಿಯಲ್ಲಿ ತುಂಬಿಸಿಕೊಂಡು ಅರಂತೋಡಿನ ಬಸ್ಸು ಹತ್ತಿದೆ.